ಎನ್‌ಕ್ಲೆಕ್ಸ್ ಪರೀಕ್ಷೆಯ ಖರ್ಚು: ಯಾವ ಹಣವನ್ನು ಯಾವಾಗ ಕಟ್ಟಬೇಕು?

ಬದಿಯಡ್ಕದ ನರ್ಸ್

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ, ಈಗ ಅಲ್ಲಿಯದೇ ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಕೆಲಸದಲ್ಲಿದ್ದೇನೆ. ಅಮೆರಿಕದ ನರ್ಸಿಂಗ್ ಪರವಾನಗಿಗಾಗಿ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಒಂದು ಏಜೆನ್ಸಿಯವರು ದಾಖಲೆ, ತರಬೇತಿ, ಪರೀಕ್ಷಾ ಶುಲ್ಕ ಎಲ್ಲವೂ ಸೇರಿ ಎರಡೂವರೆ ಲಕ್ಷ ರೂಪಾಯಿ ಆಗುತ್ತದೆ, ಅರ್ಧವನ್ನು ಮೊದಲೇ ಕಟ್ಟಬೇಕು ಎಂದಿದ್ದಾರೆ. ಯಾವುದಕ್ಕೆ ಎಷ್ಟು ಎಂದು ಕೇಳಿದರೆ ಬಿಡಿಸಿ ಹೇಳುವುದಿಲ್ಲ. ಅಮ್ಮನ ಬಳೆಗಳನ್ನು ಅಡವಿಡೋಣ ಎಂದು ಅಪ್ಪ ಹೇಳುತ್ತಿದ್ದಾರೆ. ನನಗೆ ತಿಂಗಳಿಗೆ ಏಳು ಸಾವಿರ ರೂಪಾಯಿಯಷ್ಟು ಉಳಿಸಲು ಸಾಧ್ಯ. ಈ ಪರೀಕ್ಷೆಗೆ ನಿಜವಾಗಿ ಆಗುವ ಖರ್ಚೆಷ್ಟು, ಅದನ್ನು ಒಟ್ಟಿಗೆ ಕಟ್ಟಬೇಕೇ ಅಥವಾ ಹಂತಹಂತವಾಗಿ ಕಟ್ಟಬಹುದೇ ಎಂಬುದನ್ನು ಈ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಬೇಕು.

ಕುಂಬಳೆಯಿಂದ ನ್ಯೂಯಾರ್ಕ್

ತಂಗಿ, ಒಟ್ಟಿಗೆ ಕಟ್ಟುವ ಅಗತ್ಯವೇ ಇಲ್ಲ. ಮೂರು ಬೇರೆ ಬೇರೆ ಕಡೆಗೆ, ಮೂರು ಬೇರೆ ಬೇರೆ ಸಮಯದಲ್ಲಿ ಹೋಗುವ ಹಣ ಇದು. ಅದನ್ನೆಲ್ಲ ಒಂದೇ ಗಂಟು ಮಾಡಿ ತೋರಿಸಿದರೆ ಲಾಭ ಗಂಟು ಕಟ್ಟಿದವರಿಗೆ ಮಾತ್ರ.

ನಾನು ನ್ಯೂಯಾರ್ಕ್ ರಾಜ್ಯದ ಮೂಲಕ ಪರೀಕ್ಷೆ ಬರೆದವಳು, ಆದ್ದರಿಂದ ಅದರ ಲೆಕ್ಕವನ್ನೇ ಹೇಳುತ್ತೇನೆ. ಅರ್ಜಿಯ ಹಂತದಲ್ಲಿ ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಎಂಬ ಗುರುತಿನ ಸಂಖ್ಯೆಯನ್ನು ಕಡ್ಡಾಯ ಮಾಡದ ರಾಜ್ಯವಾದ್ದರಿಂದ ನಮ್ಮ ಕಡೆಯ ಬಹಳ ಮಂದಿ ಅದನ್ನೇ ಆರಿಸಿಕೊಳ್ಳುತ್ತಾರೆ. ಅಲ್ಲಿಯ ಪರವಾನಗಿ ಅರ್ಜಿಗೆ 143 ಡಾಲರ್. ಪರೀಕ್ಷೆಯ ನೋಂದಣಿಗಾಗಿ ಪಿಯರ್ಸನ್ ವ್ಯೂ ಸಂಸ್ಥೆಗೆ 200 ಡಾಲರ್. ಅಮೆರಿಕದ ಹೊರಗೆ, ಅಂದರೆ ನಮ್ಮ ಬೆಂಗಳೂರಿನಂತಹ ಕೇಂದ್ರದಲ್ಲಿ ಬರೆಯುವುದಾದರೆ ಮೇಲೆ ಇನ್ನೂ 150 ಡಾಲರ್ ಮತ್ತು ಅನ್ವಯವಾಗುವ ತೆರಿಗೆ. ತೆರಿಗೆ ಬಿಟ್ಟು ಈ ಮೂರೂ ಸೇರಿ 493 ಡಾಲರ್ ಆಗುತ್ತದೆ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 44,370 ರೂಪಾಯಿ. ಇದಲ್ಲದೆ ನಿಮ್ಮ ಕಾಲೇಜಿನ ಅಂಕಪಟ್ಟಿ ಮತ್ತು ನರ್ಸಿಂಗ್ ಕೌನ್ಸಿಲಿನ ನೋಂದಣಿಯನ್ನು ಪರಿಶೀಲಿಸಿ ವರದಿ ಕೊಡುವ ಸಿಜಿಎಫ್‌ಎನ್‌ಎಸ್ ಸಂಸ್ಥೆಗೆ ಪ್ರತ್ಯೇಕ ಶುಲ್ಕವಿದೆ. ಆ ಸಂಸ್ಥೆ 2025ರಿಂದ ಟ್ರುಮೆರಿಟ್ ಎಂಬ ಹೆಸರಿನಲ್ಲಿದೆ. ಅದರ ಶುಲ್ಕವನ್ನು ಅರ್ಜಿ ಹಾಕುವ ದಿನ ಅವರ ಜಾಲತಾಣದಲ್ಲೇ ನೋಡಿ ಬರೆದುಕೊಳ್ಳಿ, ಹಳೆಯ ವಿಡಿಯೊಗಳಲ್ಲಿ ಹೇಳಿದ ಅಂಕಿಯನ್ನು ನಂಬಬೇಡಿ.

ಹಣಕ್ಕಿಂತ ಹೆಚ್ಚು ಮುಖ್ಯವಾದದ್ದು ಅದನ್ನು ಕಟ್ಟುವ ಕ್ರಮ. ಪಿಯರ್ಸನ್ ವ್ಯೂನಲ್ಲಿ 200 ಡಾಲರ್ ಕಟ್ಟಿದ ನೋಂದಣಿಗೆ 365 ದಿನಗಳ ಆಯಸ್ಸು. ಅಷ್ಟರೊಳಗೆ ರಾಜ್ಯದ ನರ್ಸಿಂಗ್ ಮಂಡಳಿಯು ನಿಮ್ಮನ್ನು ಅರ್ಹರೆಂದು ಘೋಷಿಸದಿದ್ದರೆ ಆ ಹಣ ಹೋಯಿತೆಂದೇ ತಿಳಿಯಬೇಕು, ಮರುಪಾವತಿ ಇಲ್ಲ. ದಾಖಲೆ ಪರಿಶೀಲನೆಯೋ, ಕಾಲೇಜು, ವಿಶ್ವವಿದ್ಯಾಲಯ ಮತ್ತು ಕೌನ್ಸಿಲ್ ಸಕಾಲದಲ್ಲಿ ಕಾಗದ ಕಳುಹಿಸುವುದನ್ನು ಅವಲಂಬಿಸಿದೆ. ಆದ್ದರಿಂದ ದಾಖಲೆಗಳೆಲ್ಲ ತಲುಪಿವೆ ಎಂದು ಖಚಿತವಾಗುವವರೆಗೆ ಆ 200 ಡಾಲರನ್ನು ಮುಟ್ಟಬಾರದು. 150 ಡಾಲರ್ ಅಂತೂ ಪರೀಕ್ಷೆಯ ದಿನಾಂಕ ಗೊತ್ತು ಮಾಡುವಾಗ ಮಾತ್ರ ಕಟ್ಟುವಂಥದ್ದು. ಅದನ್ನು ನಿಮ್ಮಿಂದ ಇಂದೇ ವಸೂಲು ಮಾಡುವವರು ನಿಮ್ಮ ಹಣವನ್ನು ಬಡ್ಡಿಯಿಲ್ಲದೆ ಇಟ್ಟುಕೊಳ್ಳುತ್ತಾರೆ, ಅಷ್ಟೆ.

ಉಪ್ಪಳ–ಅಬುಧಾಬಿ

ಅಕ್ಕ ಹೇಳಿದ ಅಂಕಿಗಳು ಸರಿ. ಆದರೂ ಏಜೆನ್ಸಿಯ ಪರವಾಗಿ ಒಂದು ಮಾತು ಹೇಳುವುದು ನ್ಯಾಯ. ಮಂಗಳೂರಿನಲ್ಲಿ ಮೂರು ಪಾಳಿಯಲ್ಲಿ ದುಡಿಯುವವರಿಗೆ ಕಾಗದಪತ್ರದ ಹಿಂದೆ ಬೀಳಲು ರಜೆಯೇ ಸಿಗುವುದಿಲ್ಲ. ನಾವು ಕಾಸರಗೋಡಿನವರಿಗಂತೂ ಮನೆ ಕೇರಳದಲ್ಲಿ, ಕಾಲೇಜು ಕರ್ನಾಟಕದಲ್ಲಿ, ವಿಶ್ವವಿದ್ಯಾಲಯ ಮತ್ತು ನರ್ಸಿಂಗ್ ಕೌನ್ಸಿಲ್ ಬೆಂಗಳೂರಿನಲ್ಲಿ. ಊರಿಗೆ ಮರಳಿ ಕೆಲಸ ಮಾಡಿದವರಾದರೆ ತಿರುವನಂತಪುರದ ಕೇರಳ ಕೌನ್ಸಿಲಿನ ನೋಂದಣಿಯೂ ಇರುತ್ತದೆ, ಆಗ ಎರಡೂ ಕಡೆಯಿಂದ ಪರಿಶೀಲನಾ ಪತ್ರ ಬೇಕಾಗಬಹುದು. ಇಷ್ಟೂ ಕಡೆ ಒಬ್ಬಳೇ ಓಡಾಡಿದರೆ ಕಳೆದುಕೊಳ್ಳುವ ಸಂಬಳವೂ ಖರ್ಚೇ ತಾನೆ? ಅಂಥ ಕೆಲಸಕ್ಕೆ ಹದಿನೈದು ಇಪ್ಪತ್ತು ಸಾವಿರ ಕೊಡುವುದನ್ನು ನಾನು ದುಂದು ಎನ್ನಲಾರೆ. ಆದರೆ ಎರಡೂವರೆ ಲಕ್ಷ ಎಂಬುದು ಬೇರೆಯೇ ಮಾತು.

ಇನ್ನೊಂದು ವಿಷಯ. ವಿದೇಶದಲ್ಲಿ ಉದ್ಯೋಗ ಕೊಡಿಸುವ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ ನಮ್ಮ ವಲಸೆ ನಿಯಮಗಳಲ್ಲಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ಅದಕ್ಕಾಗಿಯೇ ಕೆಲವರು ಉದ್ಯೋಗ ಎಂಬ ಪದವನ್ನೇ ಬಳಸದೆ ತರಬೇತಿ, ಮಾರ್ಗದರ್ಶನ, ದಾಖಲೆ ಸೇವೆ ಎಂದು ರಸೀದಿ ಬರೆಯುತ್ತಾರೆ. ರಸೀದಿಯಲ್ಲಿ ಏನು ಬರೆದಿದ್ದಾರೆ ಎಂದು ಓದದೆ ಹಣ ಕೊಡಬೇಡಿ.

ಕುಂಬಳೆಯಿಂದ ನ್ಯೂಯಾರ್ಕ್

ಓಡಾಟದ ಮಾತನ್ನು ಒಪ್ಪುತ್ತೇನೆ. ಆದರೆ ಅಂಕಪಟ್ಟಿಯ ಪ್ರತಿಯನ್ನು ಕಾಲೇಜಿನವರೇ, ನೋಂದಣಿಯ ದೃಢೀಕರಣವನ್ನು ಕೌನ್ಸಿಲಿನವರೇ ನೇರವಾಗಿ ಪರಿಶೀಲನಾ ಸಂಸ್ಥೆಗೆ ಕಳುಹಿಸಬೇಕು. ಅಭ್ಯರ್ಥಿಯಾಗಲಿ ಏಜೆಂಟರಾಗಲಿ ತಮ್ಮ ಕೈಯಿಂದ ಕಳುಹಿಸಿದರೆ ಅದನ್ನು ಒಪ್ಪುವುದಿಲ್ಲ. ಹಾಗಾಗಿ ಏಜೆಂಟರು ಮಾಡಬಹುದಾದ ಕೆಲಸವೆಂದರೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಗುಮಾಸ್ತರಿಗೆ ಮತ್ತೆ ಮತ್ತೆ ನೆನಪಿಸುವುದು. ಆ ಕೆಲಸಕ್ಕಷ್ಟೇ ಬೆಲೆ ಕಟ್ಟಿ.

ಮುಳ್ಳೇರಿಯ ಬ್ಯಾಂಕ್ ನೌಕರ

ನಾನು ನರ್ಸಿಂಗ್ ಕ್ಷೇತ್ರದವನಲ್ಲ, ಸಹಕಾರಿ ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತವನು. ಇಂತಹ ಕಾರಣ ಹೇಳಿ ಬಳೆ, ಸರ ತರುವ ತಂದೆ ತಾಯಂದಿರನ್ನು ವರ್ಷವೂ ನೋಡುತ್ತೇನೆ. ಹೆಚ್ಚಿನವರು ಇಡೀ ಮೊತ್ತಕ್ಕೆ ಒಂದೇ ದಿನ ಸಾಲ ತೆಗೆಯುತ್ತಾರೆ. ಹಣ ಏಜೆನ್ಸಿಯ ಖಾತೆಯಲ್ಲಿ ಸುಮ್ಮನಿರುತ್ತದೆ, ಇಲ್ಲಿ ಬಡ್ಡಿ ಏರುತ್ತದೆ, ವರ್ಷ ತುಂಬುವಾಗ ಬಡ್ಡಿ ಕಟ್ಟಿ ಪತ್ರ ಹೊಸದು ಮಾಡಲು ಮತ್ತೆ ಬರುತ್ತಾರೆ. ಮೇಲೆ ಅಕ್ಕ ಹೇಳಿದಂತೆ ಹಂತಹಂತವಾಗಿ ಕಟ್ಟುವುದಾದರೆ ಈ ತಂಗಿಗೆ ಚಿನ್ನದ ಸಾಲವೇ ಬೇಕಾಗಲಾರದು. ತಿಂಗಳಿಗೆ ಏಳು ಸಾವಿರದಂತೆ ಆವರ್ತ ಠೇವಣಿಗೆ ಹಾಕುತ್ತಾ ಬಂದರೆ ದಾಖಲೆಗಳು ತಲುಪುವ ಹೊತ್ತಿಗೆ ಪರೀಕ್ಷೆಯ ಹಣ ತಾನಾಗಿ ಕೈಯಲ್ಲಿರುತ್ತದೆ.

ನಮ್ಮ ಕಡೆ ಕೇರಳ ಸರಕಾರದ ಕೆಎಸ್‌ಎಫ್‌ಇ ಸಂಸ್ಥೆಯ ಚಿಟ್ಟಿ, ಅಂದರೆ ಚೀಟಿ, ಇಲ್ಲದ ಮನೆ ಕಡಿಮೆ. ಈಗಾಗಲೇ ಮನೆಯಲ್ಲಿ ಒಂದು ನಡೆಯುತ್ತಿದ್ದರೆ ಒಳ್ಳೆಯದು. ಆದರೆ ಈ ಪರೀಕ್ಷೆಗೆಂದು ಹೊಸ ಚಿಟ್ಟಿ ಸೇರಿ, ಆರಂಭದ ತಿಂಗಳುಗಳಲ್ಲೇ ಲೇಲಂನಲ್ಲಿ, ಅಂದರೆ ಹರಾಜಿನಲ್ಲಿ, ತಗ್ಗಿಸಿ ಕರೆದು ಹಣ ಎತ್ತಿದರೆ ಬಿಟ್ಟುಕೊಟ್ಟ ಮೊತ್ತವೇ ಒಂದು ಪರೀಕ್ಷಾ ಶುಲ್ಕದಷ್ಟಾದೀತು. ಅವಸರವಿಲ್ಲದವರಿಗೆ ಮಾತ್ರ ಚಿಟ್ಟಿ ಲಾಭ.

ಮತ್ತೆ ಕಾರ್ಡಿನ ವಿಷಯ. ಪಿಯರ್ಸನ್ ವ್ಯೂನವರು ತೆಗೆದುಕೊಳ್ಳುವುದು ವೀಸಾ, ಮಾಸ್ಟರ್‌ಕಾರ್ಡ್ ಮತ್ತು ಅಮೆರಿಕನ್ ಎಕ್ಸ್‌ಪ್ರೆಸ್. ನಮ್ಮಂತಹ ಬ್ಯಾಂಕುಗಳು ಕೊಡುವ ರುಪೇ ಕಾರ್ಡ್ ಅಲ್ಲಿ ನಡೆಯದು. ವೀಸಾ ಕಾರ್ಡಿದ್ದರೂ ರಿಸರ್ವ್ ಬ್ಯಾಂಕಿನ 2020ರ ನಿರ್ದೇಶನದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಆರಂಭದಲ್ಲಿ ಮುಚ್ಚಿಯೇ ಇರುತ್ತದೆ, ನೀವೇ ಆ್ಯಪಿನಲ್ಲಿ ತೆರೆಯಬೇಕು. ವಿದೇಶಿ ನಾಣ್ಯದ ವ್ಯವಹಾರಕ್ಕೆ ಬಹಳಷ್ಟು ಕಾರ್ಡುಗಳು ನೂರಕ್ಕೆ ಮೂರೂವರೆಯಷ್ಟು ಹೆಚ್ಚುವರಿ ಹಿಡಿದು, ಆ ಹೆಚ್ಚುವರಿಯ ಮೇಲೆ 18 ಶೇಕಡಾ ಜಿಎಸ್‌ಟಿ ಹಾಕುತ್ತವೆ. 350 ಡಾಲರಿಗೆ ಇದು ಸುಮಾರು 1,300 ರೂಪಾಯಿ. ದೊಡ್ಡ ಮೊತ್ತವಲ್ಲದಿದ್ದರೂ ಖಾತೆಯಲ್ಲಿ ಲೆಕ್ಕಕ್ಕೆ ಸರಿಯಾಗಿ ಅಷ್ಟೇ ಇಟ್ಟಿದ್ದರೆ ಪಾವತಿ ಆಗುವುದಿಲ್ಲ.

ನೀರ್ಚಾಲಿನ ನಿವೃತ್ತ ಮಾಷ್ಟ್ರು

ಎಲ್ಲರೂ ಹಣ ಕಟ್ಟುವ ಬಗೆಯನ್ನೇ ಹೇಳುತ್ತಿದ್ದೀರಿ. ಪರೀಕ್ಷೆಯಲ್ಲಿ ಉತ್ತೀರ್ಣರಾಗದಿದ್ದರೆ ಏನು ಎಂಬುದನ್ನು ಯಾರೂ ಎತ್ತಲಿಲ್ಲ. ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶ ನನಗಿಲ್ಲ, ಆದರೆ ಆಯವ್ಯಯ ಎಂದ ಮೇಲೆ ಆ ಸಾಲೂ ಅದರಲ್ಲಿ ಇರಬೇಕಲ್ಲವೇ?

ಕುಂಬಳೆಯಿಂದ ನ್ಯೂಯಾರ್ಕ್

ಮಾಷ್ಟ್ರೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಅಮೆರಿಕದ ಹೊರಗೆ ಕಲಿತವರಲ್ಲಿ ಮೊದಲ ಯತ್ನದಲ್ಲೇ ಉತ್ತೀರ್ಣರಾಗುವವರು ಇತ್ತೀಚಿನ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ. ಅಮೆರಿಕದಲ್ಲೇ ಕಲಿತವರ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. ಹೀಗಿರುವಾಗ ಎರಡನೆಯ ಯತ್ನದ ಹಣವನ್ನು ಕೈಯಲ್ಲಿ ಇಟ್ಟುಕೊಳ್ಳದೆ ಮೊದಲನೆಯದಕ್ಕೆ ಕೂರುವುದು ಆಯವ್ಯಯವಲ್ಲ, ಹರಕೆ. ಅನುತ್ತೀರ್ಣರಾದರೆ 45 ದಿನಗಳ ಬಳಿಕ ಮತ್ತೆ ಬರೆಯಬಹುದು. ಆಗ ಆ 200 ಮತ್ತು 150 ಡಾಲರ್‌ಗಳನ್ನು ಪುನಃ ಪೂರ್ತಿಯಾಗಿ ಕಟ್ಟಬೇಕು. ಏಜೆನ್ಸಿಯ ಎರಡೂವರೆ ಲಕ್ಷದಲ್ಲಿ ಎರಡನೆಯ ಯತ್ನ ಸೇರಿದೆಯೇ ಎಂದು ತಂಗಿ ಬರವಣಿಗೆಯಲ್ಲಿ ಕೇಳಿ ನೋಡಲಿ, ಉತ್ತರ ಏನು ಬರುತ್ತದೆಂದು ನನಗೆ ಕುತೂಹಲವಿದೆ.

ಪರೀಕ್ಷೆಯ ಸ್ವರೂಪಕ್ಕೂ ಖರ್ಚಿಗೂ ಸಂಬಂಧವಿದೆ. 2023ರ ಏಪ್ರಿಲ್ 1ರಿಂದ ಹೊಸ ಮಾದರಿಯ ಎನ್‌ಕ್ಲೆಕ್ಸ್ ನಡೆಯುತ್ತಿದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು, ಐದು ಗಂಟೆಗಳ ಅವಧಿ. ನೀವು ಉತ್ತರಿಸಿದಂತೆ ಕಂಪ್ಯೂಟರ್ ಮುಂದಿನ ಪ್ರಶ್ನೆಯ ಕಠಿಣತೆಯನ್ನು ನಿರ್ಧರಿಸುತ್ತದೆ. ಒಬ್ಬನೇ ರೋಗಿಯ ಚಾರ್ಟು, ಲ್ಯಾಬ್ ವರದಿ, ನರ್ಸಿನ ಟಿಪ್ಪಣಿಗಳನ್ನು ಪರದೆಯ ಮೇಲೆ ಕೊಟ್ಟು, ಅದೇ ಪ್ರಕರಣದ ಮೇಲೆ ಸಾಲಾಗಿ ಆರು ಪ್ರಶ್ನೆಗಳನ್ನು ಕೇಳುತ್ತಾರೆ. ಯಾವ ಲಕ್ಷಣ ಆತಂಕದ್ದು, ಮೊದಲು ಏನು ಮಾಡಬೇಕು, ಮಾಡಿದ್ದು ಫಲಿಸಿತೇ ಎಂಬ ಕ್ರಮದಲ್ಲಿ ಅವು ಬರುತ್ತವೆ. ಐಸಿಯುವಿನಲ್ಲಿರುವ ನಿಮಗೆ ಈ ಯೋಚನೆ ಹೊಸತಲ್ಲ, ಆದರೆ ವೈದ್ಯರ ಆದೇಶಕ್ಕಾಗಿ ಕಾಯುವ ನಮ್ಮ ಆಸ್ಪತ್ರೆಗಳ ಅಭ್ಯಾಸದಿಂದ ಹೊರಬರಲು ಸಾಕಷ್ಟು ಅಭ್ಯಾಸ ಪ್ರಶ್ನೆಗಳು ಬೇಕು. ಹಾಗೆಂದು ಲಕ್ಷ ರೂಪಾಯಿಯ ತರಗತಿ ಬೇಕಿಲ್ಲ. ಪರೀಕ್ಷೆಯ ಪಠ್ಯಯೋಜನೆ ಮತ್ತು ಮಾದರಿ ಪ್ರಶ್ನೆಗಳನ್ನು ಈ ಪರೀಕ್ಷೆಯನ್ನು ರೂಪಿಸುವ ಎನ್‌ಸಿಎಸ್‌ಬಿಎನ್ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಅವುಗಳಿಂದ ಆರಂಭಿಸಿ. ಪ್ರಶ್ನೆ ಬ್ಯಾಂಕಿನ ಚಂದಾವನ್ನು ಎಟಿಟಿ, ಅಂದರೆ ಪರೀಕ್ಷೆ ಬರೆಯಲು ಅನುಮತಿಯ ಇಮೇಲ್, ಹತ್ತಿರವಾದಾಗ ಕೊಳ್ಳಿ. ಇಂದೇ ಕೊಂಡರೆ ದಾಖಲೆಗಳಿಗಾಗಿ ಕಾಯುವ ತಿಂಗಳುಗಳಲ್ಲೇ ಅದರ ಅವಧಿ ಮುಗಿದಿರುತ್ತದೆ. ಪಠ್ಯಯೋಜನೆ ಮೂರು ವರ್ಷಕ್ಕೊಮ್ಮೆ ಬದಲಾಗುವುದರಿಂದ, ಹಿರಿಯರು ಬಿಟ್ಟುಹೋದ ಹಳೆಯ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಳ್ಳುವ ಮುನ್ನ ಅವು ಯಾವ ಇಸವಿಯವು ಎಂದು ನೋಡಿ.

ಬದಿಯಡ್ಕದ ನರ್ಸ್

ಎಲ್ಲರಿಗೂ ಧನ್ಯವಾದಗಳು. ಏಜೆನ್ಸಿಗೆ ಬರೆದು ಕೇಳಿದೆ. ಎರಡನೆಯ ಯತ್ನದ ಶುಲ್ಕ ಸೇರಿಲ್ಲವಂತೆ, ಒಮ್ಮೆ ಕಟ್ಟಿದ ಹಣವನ್ನು ಯಾವ ಹಂತದಲ್ಲೂ ಮರಳಿಸುವುದಿಲ್ಲವಂತೆ.

ಈಗ ಇನ್ನೊಂದು ತೊಡಕು ಎದುರಾಗಿದೆ. ಕೇರಳದ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ನನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳು ಒಂದು ರೀತಿ ಇದ್ದು, ಹೆಸರಿನ ಬಳಿಕ ಎರಡು ಇನಿಷಿಯಲ್‌ಗಳಿವೆ. ಮಂಗಳೂರಿನ ಕಾಲೇಜಿನ ಪದವಿ ಪತ್ರದಲ್ಲಿ ಒಂದೇ ಇನಿಷಿಯಲ್, ಅದೂ ಹೆಸರಿನ ಮೊದಲು. ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರೆಲ್ಲ ಒಂದೇ ಕಡೆ ಇದ್ದು, ಉಪನಾಮದ ಜಾಗ ಖಾಲಿ ಇದೆ. ಗ್ರಾಮ ಕಚೇರಿಯಿಂದ ಇವೆಲ್ಲವೂ ಒಬ್ಬಳದೇ ಹೆಸರು ಎಂಬ ಪ್ರಮಾಣಪತ್ರವನ್ನು ಸರಕಾರಿ ಸೇವೆಗಳ ಅಕ್ಷಯ ಕೇಂದ್ರದ ಮೂಲಕ ಪಡೆಯಬಹುದು ಎಂದು ಹೇಳಿದರು. ಅಷ್ಟು ಸಾಕೇ?

ಕುಂಬಳೆಯಿಂದ ನ್ಯೂಯಾರ್ಕ್

ಆ ಪ್ರಮಾಣಪತ್ರ ಊರಿನ ಕಚೇರಿಗಳಿಗೆ ಸಾಕು, ಕಾಲೇಜಿನಲ್ಲಿ ತಿದ್ದುಪಡಿಗೆ ಅರ್ಜಿ ಕೊಡುವಾಗಲೂ ಉಪಯೋಗಕ್ಕೆ ಬಂದೀತು. ಆದರೆ ಅಮೆರಿಕದ ಹೊರಗಿನ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಡೆಯುವುದು ಪಾಸ್‌ಪೋರ್ಟ್ ಒಂದೇ. ಆಧಾರ್ ಆಗಲಿ ಚಾಲನಾ ಪರವಾನಗಿಯಾಗಲಿ ನಡೆಯದು. ಎಟಿಟಿಯಲ್ಲಿರುವ ಮೊದಲ ಹೆಸರು ಮತ್ತು ಕೊನೆಯ ಹೆಸರು ಪಾಸ್‌ಪೋರ್ಟಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಹಾಗೆ ಹಿಂದೆ ಕಳುಹಿಸಿದರೆ ಗೈರುಹಾಜರಿಯ ಲೆಕ್ಕ, ಹಣ ಮರಳುವುದಿಲ್ಲ. ಆದ್ದರಿಂದ ನಿಮ್ಮ ಆಯವ್ಯಯದ ಮೊದಲ ಖರ್ಚು ಅಮೆರಿಕಕ್ಕೆ ಕಟ್ಟುವ ಹಣವೇ ಅಲ್ಲ. ಕಾಸರಗೋಡಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಉಪನಾಮ ಬೇರ್ಪಡಿಸಿದ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ. ಸಾಮಾನ್ಯ ಅರ್ಜಿಗೆ, 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ಆ ಮೇಲೆ ಎಲ್ಲ ಅರ್ಜಿಗಳಲ್ಲೂ ಅಕ್ಷರಕ್ಷರ ಅದೇ ಹೆಸರನ್ನು ಬರೆಯಿರಿ.

ಪೈವಳಿಕೆಯ ಓದುಗ

ನನ್ನ ತಂಗಿ ಬೆಂಗಳೂರಿನಲ್ಲಿ ಈ ಪರೀಕ್ಷೆ ಬರೆದಿದ್ದಾಳೆ, ಆದ್ದರಿಂದ ಪ್ರಯಾಣದ ಖರ್ಚಿನ ಬಗ್ಗೆ ಹೇಳಬಲ್ಲೆ. ಕಣ್ಣೂರಿನಿಂದ ಮಂಗಳೂರು, ಸುಬ್ರಹ್ಮಣ್ಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರಾತ್ರಿ ರೈಲು ನಮ್ಮ ಕಡೆಯವರಿಗೆ ಅನುಕೂಲ, ಅಗ್ಗ ಕೂಡ. ಆದರೆ ಮಳೆಗಾಲದಲ್ಲಿ ಅದನ್ನು ನೆಚ್ಚಿ ಪರೀಕ್ಷೆಯ ದಿನಾಂಕ ಇಡಬೇಡಿ. 2024ರ ಜುಲೈಯಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಬುಡ ಕುಸಿದು ಆ ಮಾರ್ಗದ ರೈಲುಗಳು ದಿನಗಟ್ಟಲೆ ನಿಂತವು. ಕೇಂದ್ರಕ್ಕೆ ಅರ್ಧ ಗಂಟೆ ಮೊದಲು ತಲುಪಬೇಕು, ಅರ್ಧ ಗಂಟೆಗಿಂತ ಹೆಚ್ಚು ತಡವಾದರೆ ಅವಕಾಶವೇ ತಪ್ಪಬಹುದು. ಒಂದು ದಿನ ಮೊದಲೇ ಹೋಗಿ, ಕೇಂದ್ರದ ಸಮೀಪ ಕೋಣೆ ಹಿಡಿದು, ರಾತ್ರಿ ನಿದ್ರೆ ಮಾಡಿ ಬರೆಯುವ ಖರ್ಚನ್ನು ಸೇರಿಸಿಕೊಳ್ಳಿ. ದಿನಾಂಕ ಬದಲಿಸಬೇಕಾದರೆ ಕನಿಷ್ಠ 24 ಗಂಟೆ ಮೊದಲು ಬದಲಿಸಬೇಕು. ಎಟಿಟಿಯ ಅವಧಿ ಸಾಮಾನ್ಯವಾಗಿ 90 ದಿನ, ಮಂಡಳಿಯಿಂದ ಮಂಡಳಿಗೆ ಬೇರೆಯಾಗುತ್ತದೆ, ಯಾವ ಕಾರಣಕ್ಕೂ ಮುಂದಕ್ಕೆ ಹಾಕುವುದಿಲ್ಲ.

ಉಪ್ಪಳ–ಅಬುಧಾಬಿ

ಇಷ್ಟೆಲ್ಲ ಆದ ಮೇಲೆ ಒಂದು ಅಪ್ರಿಯ ಸತ್ಯವನ್ನೂ ಹೇಳಿಬಿಡುತ್ತೇನೆ. ಎನ್‌ಕ್ಲೆಕ್ಸ್ ಉತ್ತೀರ್ಣರಾದ ಮಾತ್ರಕ್ಕೆ ಅಮೆರಿಕದ ವಿಮಾನ ಹತ್ತುವುದಿಲ್ಲ. ನರ್ಸುಗಳಿಗೆ ಅನ್ವಯಿಸುವ ಇಬಿ-3 ವರ್ಗದ ವಲಸೆ ವೀಸಾದಲ್ಲಿ ಭಾರತದಲ್ಲಿ ಹುಟ್ಟಿದವರ ಸರತಿ 2025ರಲ್ಲಿ ಇನ್ನೂ 2013ರ ಅರ್ಜಿಗಳ ಬಳಿ ಇತ್ತು. ಅಕ್ಕ ಅಲ್ಲಿಗೆ ತಲುಪಿದ್ದು ಹೇಗೆ ಎಂದು ಅವರೇ ಹೇಳಲಿ.

ಕುಂಬಳೆಯಿಂದ ನ್ಯೂಯಾರ್ಕ್

ಮರೆಮಾಚುವಂಥದ್ದೇನೂ ಇಲ್ಲ, ನಾನು ಬಂದದ್ದು ಯಜಮಾನರ ಉದ್ಯೋಗದ ಕಾರಣದಿಂದ, ನರ್ಸಾಗಿ ಅಲ್ಲ. ಅಬುಧಾಬಿಯ ತಮ್ಮ ಹೇಳಿದ ಸರತಿಯ ಮಾತು ನಿಜ. ಅದಕ್ಕೇ ಇಂಗ್ಲಿಷ್ ಪರೀಕ್ಷೆಗೆ ಈಗಲೇ ಹಣ ಸುರಿಯಬಾರದು ಎನ್ನುತ್ತೇನೆ. ವೀಸಾ ಹಂತದ ವೀಸಾಸ್ಕ್ರೀನ್ ಪ್ರಮಾಣಪತ್ರಕ್ಕೆ ಐಇಎಲ್‌ಟಿಎಸ್, ಒಇಟಿಯಂತಹ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕು, ಆ ಅಂಕದ ಆಯಸ್ಸು ಎರಡೇ ವರ್ಷ. ಏಜೆನ್ಸಿಯ ಪಟ್ಟಿಯಲ್ಲಿ ಇಂಗ್ಲಿಷ್ ತರಬೇತಿ ಸೇರಿದ್ದರೆ, ಹತ್ತು ವರ್ಷದ ಬಳಿಕದ ಅಗತ್ಯಕ್ಕೆ ಇಂದು ಹಣ ಕೊಟ್ಟಂತೆ ಆಗುತ್ತದೆ.

ಆದರೆ ಎನ್‌ಕ್ಲೆಕ್ಸ್ ಬರೆಯುವುದು ಅಮೆರಿಕಕ್ಕೆ ಮಾತ್ರವಲ್ಲ. ಕೆನಡಾ 2015ರಿಂದ ಇದನ್ನೇ ಬಳಸುತ್ತಿದೆ. ಆಸ್ಟ್ರೇಲಿಯಾದಲ್ಲಿ 2020ರ ಮಾರ್ಚ್‌ನಿಂದ, ನಮ್ಮಂತಹ ಪದವಿಯವರಿಗೆ ಮೊದಲು ಎನ್‌ಕ್ಲೆಕ್ಸ್, ಆಮೇಲೆ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಆ ಪ್ರಾಯೋಗಿಕ ಪರೀಕ್ಷೆಯೊಂದಕ್ಕೇ 4,000 ಆಸ್ಟ್ರೇಲಿಯನ್ ಡಾಲರ್. ಯಾವ ದೇಶ ಎಂದು ತೀರ್ಮಾನಿಸದೆ ನ್ಯೂಯಾರ್ಕಿನ ಅರ್ಜಿ ಹಾಕಿದರೆ 143 ಡಾಲರ್ ಮತ್ತು ದಾಖಲೆ ಪರಿಶೀಲನೆಯ ಹಣ ವ್ಯರ್ಥವಾಗುವ ಸಾಧ್ಯತೆ ಇದೆ, ಏಕೆಂದರೆ ಪ್ರತಿ ದೇಶಕ್ಕೂ ಅದರದೇ ಪರಿಶೀಲನಾ ವ್ಯವಸ್ಥೆ ಇದೆ.

ಬದಿಯಡ್ಕದ ನರ್ಸ್

ಮನೆಯಲ್ಲಿ ಕುಳಿತು ಮಾತನಾಡಿದೆವು. ದೇಶದ ತೀರ್ಮಾನಕ್ಕೆ ಇನ್ನೂ ಎರಡು ತಿಂಗಳು ತೆಗೆದುಕೊಳ್ಳುತ್ತೇನೆ. ಅಷ್ಟರಲ್ಲಿ ಪಾಸ್‌ಪೋರ್ಟ್ ಸರಿಪಡಿಸುತ್ತೇನೆ, ಅದು ಯಾವ ದೇಶಕ್ಕಾದರೂ ಬೇಕಾಗುವಂಥದ್ದು. ನ್ಯೂಯಾರ್ಕ್ ಎಂದೇ ಆದರೆ ಪರವಾನಗಿ ಅರ್ಜಿ ಮತ್ತು ಎರಡು ಬಾರಿಯ ಪರೀಕ್ಷೆ ಸೇರಿ 843 ಡಾಲರ್, 90ರ ಲೆಕ್ಕದಲ್ಲಿ 75,870 ರೂಪಾಯಿ. ಇದರ ಮೇಲೆ ದಾಖಲೆ ಪರಿಶೀಲನೆಯ ಶುಲ್ಕ, ಬೆಂಗಳೂರಿನ ಪ್ರಯಾಣ ಮತ್ತು ವಾಸ, ಕಾರ್ಡಿನ ಹೆಚ್ಚುವರಿ. ಪರೀಕ್ಷೆಯನ್ನು ಮಳೆಗಾಲ ಕಳೆದ ಮೇಲೆಯೇ ಇಟ್ಟುಕೊಳ್ಳುತ್ತೇನೆ. ಅಮ್ಮನ ಬಳೆಗಳು ಅಮ್ಮನ ಕೈಯಲ್ಲೇ ಇರಲಿ ಎಂದು ಅಪ್ಪನೂ ಒಪ್ಪಿದರು. ಒಂದೇ ಸಂಶಯ ಉಳಿದಿದೆ: ಡಾಲರಿನ ಬೆಲೆ ಏರುತ್ತಿರುವಾಗ ರೂಪಾಯಿಯಲ್ಲಿ ಉಳಿಸುತ್ತಾ ಕುಳಿತರೆ ನಷ್ಟವಾಗುವುದಿಲ್ಲವೇ?

ಮುಳ್ಳೇರಿಯ ಬ್ಯಾಂಕ್ ನೌಕರ

ಸ್ವಲ್ಪ ಆದೀತು. 843 ಡಾಲರಿಗೆ ಪ್ರತಿ ಡಾಲರಿನ ಮೇಲೆ ಐದು ರೂಪಾಯಿ ಏರಿದರೂ ನಿಮಗೆ ಹೆಚ್ಚಾಗುವುದು 4,215 ರೂಪಾಯಿ. ಠೇವಣಿಯ ಬಡ್ಡಿ ಅದರಲ್ಲಿ ಒಂದು ಪಾಲನ್ನು ತುಂಬಿಕೊಡುತ್ತದೆ. ಆ ನಷ್ಟಕ್ಕೆ ಹೆದರಿ ಶುಲ್ಕವನ್ನು ಮೊದಲೇ ಕಟ್ಟಿ, 365 ದಿನದ ಗಡುವು ತಪ್ಪಿದರೆ 18,000 ಹೋಗುತ್ತದೆ. ಠೇವಣಿ ತೆರೆಯಲು ಬರುವಾಗ ಎರಡು ಫೋಟೊ, ಆಧಾರ್, ಪಾನ್ ತನ್ನಿ. ಅಪ್ಪನನ್ನು ನಾಮಿನಿ ಮಾಡುವುದಾದರೆ ಅವರ ಆಧಾರಿನ ಪ್ರತಿಯೂ ಇರಲಿ.